ವಿಂಡೋಸ್ ತ್ಯಾಗ ಮೀಮಾಂಸೆ: ಮೆಜೆಸ್ಟಿಕ್ ಭಾಷ್ಯ ಸಹಿತ

ಮಂಗಳಾಚರಣೆ

ಯಾರು ಒಲಿದರೆ ಹತ್ತು ವರ್ಷದ ಲ್ಯಾಪ್‌ಟಾಪ್ ಎದ್ದು ಓಡಾಡುವುದೋ, ಯಾರು ಮುನಿದರೆ ಇದ್ದ ವೈಫೈ ಮಾಯವಾಗುವುದೋ, ಲಿನಕ್ಸಿನ ಲಾಂಛನವಾದ ಆ ಪೆಂಗ್ವಿನ್ನಿಗೆ ಕೈಮುಗಿದು ಈ ಶಾಸ್ತ್ರವನ್ನು ಆರಂಭಿಸುತ್ತೇವೆ. ವಿಂಡೋಸ್ ಬಿಟ್ಟು ಲಿನಕ್ಸ್ ಹಿಡಿಯುವ ಕುರಿತು ಪೂರ್ವಾಚಾರ್ಯರು ಬರೆದದ್ದು ರಾಶಿ ಇದೆ. ಆದರೆ ಅವರಲ್ಲಿ ಯಾರೂ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಗಾಂಧಿನಗರದ ಅಡ್ಡರಸ್ತೆಯ ಜಾಬ್ ಟೈಪಿಂಗ್ ಅಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಆದ್ದರಿಂದ ಅವರ ಸಿದ್ಧಾಂತಗಳು ಅಪೂರ್ಣವೆಂದು ಸವಿನಯವಾಗಿ ಸಾರುತ್ತೇವೆ.

ಅಧಿಕಾರಿ ನಿರ್ಣಯ

ಲಿನಕ್ಸ್ ವಿದ್ಯೆಗೆ ಯಾರು ಅರ್ಹರು? ವೈರಾಗ್ಯ ಬಂದವರು ಎನ್ನುತ್ತಾರೆ ಹಳಬರು. ನಮ್ಮ ಮತದಲ್ಲಿ ವೈರಾಗ್ಯವೇನೂ ಬೇಡ, ಹಳೆಯ ಲ್ಯಾಪ್‌ಟಾಪ್ ಸಾಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹನ್ನೊಂದಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಉಂಟೇ, ಪ್ರೊಸೆಸರ್ ಯಾವ ತಲೆಮಾರಿನದು ಎಂದು ಗೋತ್ರ, ಪ್ರವರ ವಿಚಾರಿಸುತ್ತಾರೆ. ಹೀಗೆ ಬಾಗಿಲಲ್ಲೇ ತಡೆಯಲ್ಪಟ್ಟು, ಎಸ್.ಪಿ. ರೋಡಿಗೆ ಹೋಗಿ ಒಂದು ಎಸ್‌ಎಸ್‌ಡಿ, ಒಂದು ಪೆನ್‌ಡ್ರೈವ್ ಕೊಂಡು ತಂದ ಗೃಹಸ್ಥನೇ ಉತ್ತಮ ಅಧಿಕಾರಿ. ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಓಡಿಸಿ, ವೈಫೈ ಸಿಗುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ ಎಂದು ನೋಡಿ, ಬೇಡವಾದರೆ ಕಿತ್ತುಕೊಂಡು ಹಳೆಯ ಮನೆಗೇ ಮರಳಬಹುದು. ಪ್ರಾಯಶ್ಚಿತ್ತವಿಲ್ಲದೆ ಪೂರ್ವಾಶ್ರಮಕ್ಕೆ ಮರಳಲು ಬಿಡುವ ಸಂನ್ಯಾಸ ಇದೊಂದೇ.

ಮತತ್ರಯ

ಇಲ್ಲಿ ಮೂರು ಮತಗಳಿವೆ. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಸತ್ಯ, ಎರಡರ ಭೇದವೂ ಸತ್ಯ ಎಂದು ಡಿಸ್ಕನ್ನು ಭಾಗ ಮಾಡಿ ಡ್ಯುಯಲ್ ಬೂಟ್ ಇಟ್ಟುಕೊಂಡವರು ದ್ವೈತಿಗಳು. ವಿಂಡೋಸ್ ಬರೀ ಮಾಯೆ ಎಂದು ಡಿಸ್ಕನ್ನೇ ಒರೆಸಿ ಹಾಕಿದವರು ಅದ್ವೈತಿಗಳು. ಲಿನಕ್ಸ್ ಒಂದೇ ಸತ್ಯ, ಆದರೆ ವಿಂಡೋಸ್ ತಂತ್ರಾಂಶಗಳು ಅದರ ಶರೀರದಂತೆ ಎಂದು, ಅವನ್ನು ಲಿನಕ್ಸಿನಲ್ಲೇ ಓಡಿಸುವ ವೈನ್ ಹಾಕಿಕೊಂಡವರು ವಿಶಿಷ್ಟಾದ್ವೈತಿಗಳು. ಮಲ್ಲೇಶ್ವರದಲ್ಲೂ ಬಸವನಗುಡಿಯಲ್ಲೂ ಮೂರೂ ಮತದವರು ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾರೆ. ಯಾರ ಮತದಲ್ಲಿ ಅಪ್‌ಡೇಟ್ ಆದ ಮೇಲೆ ಬೂಟ್ ಕೆಟ್ಟಿತು ಎಂಬುದಷ್ಟೇ ಜಗಳ.

ಲಯ ಪ್ರಕರಣ

‘ಸಿ ಡ್ರೈವ್ ಎಲ್ಲಿ?’ ಎಂಬುದು ನವಸಾಧಕನ ಮೊದಲ ಆರ್ತನಾದ. ಅದು ಇಲ್ಲ. ಇಲ್ಲಿ ಸಕಲವೂ ಒಂದೇ ಓರೆಗೆರೆಯಿಂದ ಹುಟ್ಟುತ್ತದೆ, ಆ ಗೆರೆಯೂ ವಿಂಡೋಸಿನ ಗೆರೆಗೆ ಎದುರಾಗಿ ವಾಲುತ್ತದೆ. ಇನ್ನು ಟರ್ಮಿನಲ್ಲಿನಲ್ಲಿ ‘ಸುಡೊ’ ಎಂಬ ಆಜ್ಞೆ ಕೊಟ್ಟಾಗ ಪಾಸ್‌ವರ್ಡ್ ಕೇಳುತ್ತದೆ. ಒತ್ತಿದರೆ ಬಹುಪಾಲು ಕಡೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿತೆಂದು ಹೆದರಬಾರದು. ಏನೂ ಕಾಣದಿದ್ದರೂ ಪೂರ್ತಿ ಒತ್ತಿ, ಎಂಟರ್ ಹೊಡೆದು ಸುಮ್ಮನಿರುವುದಕ್ಕೇ ನಿಷ್ಕಾಮ ಕರ್ಮ ಎಂದು ಹೆಸರು.

ಪೂರ್ವಪಕ್ಷ

ಇಷ್ಟನ್ನೂ ಕೇಳಿಸಿಕೊಂಡ ಟೈಪಿಂಗ್ ಅಂಗಡಿಯ ಆಪರೇಟರ್ ಮಾನಿಟರಿನಿಂದ ತಲೆಯೆತ್ತದೆ ಕೇಳಿದ್ದು ಒಂದೇ ಪ್ರಶ್ನೆ: ‘ಅದೆಲ್ಲಾ ಸರಿ ಸಾರ್, ನುಡಿ ಬರತ್ತಾ?’

ಪೂರ್ವಾಚಾರ್ಯರೆಲ್ಲ ಬಿದ್ದದ್ದು ಈ ಗುಂಡಿಯಲ್ಲೇ. ಗೇಮ್ ಆಡಲಾಗುತ್ತದೆಯೇ, ವೈರಸ್ ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಅವರು ಅಧ್ಯಾಯಗಟ್ಟಲೆ ಬರೆದರು. ಅರ್ಜಿ, ಅಫಿಡವಿಟ್ಟು, ಮದುವೆಯ ಕರೆಯೋಲೆಗಳನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ ಟೈಪ್ ಮಾಡಿಟ್ಟ ಅಂಗಡಿಗೆ ಇವು ಪ್ರಶ್ನೆಗಳೇ ಅಲ್ಲ.

ಅಕ್ಷರ ಪ್ರಕರಣ

ಬೆರಳಿನ ಮಟ್ಟಿಗೆ ಉತ್ತರ ಸುಲಭ. ಕನ್ನಡ ಗಣಕ ಪರಿಷತ್ತು ನುಡಿಗೆ ಅಳವಡಿಸಿಕೊಂಡದ್ದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ ಅದು ‘ಕಗಪ’ ಎಂಬ ಹೆಸರಿನಲ್ಲೇ ಕೂತಿದೆ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಅಲ್ಲಿಯೂ ‘ಕನ್ನಡ’, ಇಲ್ಲಿಯೂ ‘ಕನ್ನಡ’. ನವಿಲು, ಗುಬ್ಬಿ ಎಂಬ ಮುಕ್ತ ಫಾಂಟುಗಳೂ ಸಿಗುತ್ತವೆ.

ಕಷ್ಟ ಇರುವುದು ಹಳೆಯ ಕಡತದಲ್ಲಿ. ನುಡಿಯ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಆ ಫಾಂಟಿಲ್ಲದ ಲಿನಕ್ಸಿನಲ್ಲಿ ತೆರೆದರೆ ‘ಕನ್ನಡ’ ಇರಬೇಕಾದಲ್ಲಿ ಕಾಣುವುದು ಇದು: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೊಂದು ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಲಿನಕ್ಸ್ ಕನ್ನಡವನ್ನು ಕೆಡಿಸಿತೆಂದು ಆಪರೇಟರ್ ಹುಯಿಲೆಬ್ಬಿಸುತ್ತಾನೆ. ಸೂಕ್ಷ್ಮವಾಗಿ ನೋಡಿದರೆ ಕೆಡಿಸಿದ್ದೇನೂ ಇಲ್ಲ. ಕಡತದಲ್ಲಿ ಮೊದಲಿನಿಂದಲೂ ಇದ್ದದ್ದು ಇದೇ. ಕನ್ನಡ ಇದ್ದದ್ದು ಫಾಂಟಿನ ಬಣ್ಣದಲ್ಲಿ ಮಾತ್ರ. ವೇಷ ಕಳಚಿ ತೋರಿಸಿದ್ದೇ ಪೆಂಗ್ವಿನ್ ಮಾಡಿದ ಅಪರಾಧ.

ಮೆಜೆಸ್ಟಿಕ್ ದೃಷ್ಟಾಂತ

ಲಿನಕ್ಸಿನಲ್ಲಿ ಸಿಂಬಾಲಿಕ್ ಲಿಂಕ್ ಎಂಬುದೊಂದುಂಟು: ವಸ್ತು ಒಂದು ಕಡೆ, ಹೆಸರು ಇನ್ನೊಂದು ಕಡೆ. ವಸ್ತುವನ್ನು ಅಳಿಸಿದರೆ ಹೆಸರು ಉಳಿಯುತ್ತದೆ, ಒತ್ತಿದರೆ ಏನೂ ತೆರೆಯುವುದಿಲ್ಲ. ಈಗ ಮೆಜೆಸ್ಟಿಕ್ಕನ್ನು ಪರೀಕ್ಷಿಸಿರಿ. ಹೆಸರು ಕೊಟ್ಟ ಟಾಕೀಸು ಇಲ್ಲ. ಬಸ್ಸುಗಳು ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಆ ಕೆರೆಯೂ ಇಲ್ಲ. ಬೋರ್ಡಿನಲ್ಲಿರುವುದು ಕೆಂಪೇಗೌಡ ಬಸ್ ನಿಲ್ದಾಣ. ಆದರೂ ಕಂಡಕ್ಟರ್ ‘ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದು ಕೂಗಿದರೆ ಎಲ್ಲರೂ ಸರಿಯಾದ ಜಾಗದಲ್ಲೇ ಇಳಿಯುತ್ತಾರೆ. ಏಕೆಂದರೆ ಯಾವ ಹೆಸರು ಯಾವ ಜಾಗಕ್ಕೆ ಎಂಬ ಗುಟ್ಟು ಊರಿಗೆ ಊರೇ ಬಲ್ಲದು. ಹಳೆಯ ಕಡತದ ಗುಟ್ಟು ಬಲ್ಲದ್ದು ಒಂದೇ ಒಂದು ಫಾಂಟು. ಅದು ಜಾಗ ಖಾಲಿ ಮಾಡಿದರೆ ಹೇಳುವವರಿಲ್ಲ.

ಊರೆಲ್ಲ ಒಪ್ಪಿದ ಗುಟ್ಟಿಗೆ ಯೂನಿಕೋಡ್ ಎನ್ನುತ್ತಾರೆ. ಅದರಲ್ಲಿ ಕ, ನ, ವಿರಾಮ, ನ, ಡ ಎಂದು ಐದೇ ಸಂಕೇತಗಳು, ಒತ್ತಿದ ಕೀಲಿಗಳೂ ಐದೇ. ಲಿನಸ್ ಟೊರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ ತನ್ನ ಕಾರ್ಯಾಚರಣ ವ್ಯವಸ್ಥೆಯ ಸುದ್ದಿ ಹೇಳಿದ್ದು 1991ರ ಆಗಸ್ಟ್ 25ರಂದು. ಕನ್ನಡವನ್ನೂ ಒಳಗೊಂಡ ಯೂನಿಕೋಡ್ 1.0 ಪ್ರಕಟವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಎರಡು ತಿಂಗಳ ಅಂತರದ ಈ ಜಾತಕಗಳನ್ನು ಇಷ್ಟು ದಿನ ಯಾರೂ ಹೊಂದಿಸಿ ನೋಡದಿದ್ದದ್ದು ನಮ್ಮ ವಿದ್ವತ್ ಪರಂಪರೆಗೆ ಕಳಂಕ.

ಸಿದ್ಧಾಂತ

ಆದ್ದರಿಂದ ವಿಂಡೋಸ್ ಬಿಡುವ ಮುನ್ನ ಆಸ್ಕಿ ಬಿಡಬೇಕು. ಹಳೆಯ ಫಾಂಟಿನ ಕಡತವನ್ನು ಲಿನಕ್ಸಿಗೂ ನಕಲಿಸಿ ಲಿಬ್ರೆ ಆಫೀಸಿನಲ್ಲಿ ಓದುವುದು ಆಪದ್ಧರ್ಮ. ಅಲ್ಲಿ ‘ಕನ್ನಡ’ ಎಂದು ಹುಡುಕಿದರೆ ಸಿಗುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ತಿದ್ದುವುದೇ ಧರ್ಮ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡೂ ಇರುವುದರಿಂದ ಈ ಪುಣ್ಯವನ್ನು ವಿಂಡೋಸಿನಲ್ಲಿ ಕೂತೇ ಗಳಿಸಲು ಅಡ್ಡಿಯಿಲ್ಲ. ಹಾಗೆ ಗಳಿಸಿದವರಿಗೆ ಮುಂದೆ ಯಾವ ವ್ಯವಸ್ಥೆಯಾದರೂ ಒಂದೇ.

ಫಲಶ್ರುತಿ

ಇದನ್ನು ಓದಿದ ವಿದ್ಯಾರ್ಥಿಗೆ ಡ್ರೈವರ್ ದೊರೆಯುವುದು, ಡಿಟಿಪಿಯವರಿಗೆ ಅಕ್ಷರಶುದ್ಧಿಯಾಗುವುದು, ಗೃಹಸ್ಥನ ಲ್ಯಾಪ್‌ಟಾಪಿಗೆ ಆಯುಷ್ಯ ಹೆಚ್ಚುವುದು. ಪ್ರಿಂಟರ್ ಮೊದಲ ಸಲಕ್ಕೇ ಕೆಲಸ ಮಾಡುವುದೆಂದು ಮಾತ್ರ ಈ ಶಾಸ್ತ್ರ ಮಾತು ಕೊಡುವುದಿಲ್ಲ. ಅಂಥ ಮಾತನ್ನು ವಿಂಡೋಸ್ ಕೊಟ್ಟು ತಪ್ಪಿದ್ದನ್ನು ಲೋಕ ಕಂಡಿದೆ.