ಸೇವಾರ್ಥ

ನಮ್ಮ ಮಾವನವರು ಅರಸೀಕೆರೆಯಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದು ನಿವೃತ್ತರಾದವರು. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡುವುದು ಅವರ ಪ್ರಕಾರ ಕರ್ತವ್ಯಲೋಪ. ಡೆಟ್ರಾಯಿಟಿಗೆ ಬಂದಿಳಿದ ದಿನದಿಂದಲೂ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಅಮೆರಿಕವನ್ನು ಗಟ್ಟಿಯಾಗಿ ಓದುತ್ತಲೇ ಇದ್ದರು. ದಾರಿ ಹೇಳುವ ಜಿಪಿಎಸ್ ಹೆಂಗಸಿನ ದನಿ ಅವರ ದನಿಯಡಿ ಮುಳುಗಿಹೋಗಿ, ನಾನು ಎರಡು ಸಲ ತಪ್ಪು ದಾರಿ ಹಿಡಿದೆ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಮಾತ್ರ ಕಟ್ಟಿಟ್ಟ ಬುತ್ತಿ: "ಅಳಿಯಂದ್ರೇ, ಇದು ಯಾರ ಸೇವಾರ್ಥ?"

ಈ ಪ್ರಶ್ನೆ ಹುಟ್ಟಿದ್ದು ದೇವಸ್ಥಾನದ ಟ್ಯೂಬ್‌ಲೈಟಿನಲ್ಲಿ. ನಮ್ಮ ಕಡೆ ದೇವರಿಗೊಂದು ಟ್ಯೂಬ್‌ಲೈಟು ಕೊಟ್ಟರೆ ಅದರ ಮೈಮೇಲೆ ಕೊಟ್ಟವರ ಹೆಸರು, ಅವರ ತೀರ್ಥರೂಪರ ಹೆಸರು, ಅಂಗಡಿಯ ಹೆಸರು, ಬೀದಿ, ಊರು ಎಲ್ಲವೂ ಕೆಂಪಕ್ಷರದಲ್ಲಿ ಬರುತ್ತವೆ. ಜಾಗ ಉಳಿದರೆ ಬೆಳಕೂ ಬರುತ್ತದೆ. ಫ್ಯಾನು ಕೊಟ್ಟವರ ಪಾಡು ಇನ್ನೂ ಕಷ್ಟ. ಅದು ತಿರುಗಿದರೆ ಹೆಸರು ಕಾಣುವುದಿಲ್ಲ. ಮಹಾಮಂಗಳಾರತಿ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಲಪ್ಪಾ ಎಂದು ಬೇಡಿಕೊಳ್ಳುವ ಭಕ್ತರೇನಾದರೂ ಇದ್ದರೆ ಅವರು ಫ್ಯಾನು ಕೊಟ್ಟವರೇ.

ಡೆಟ್ರಾಯಿಟಿನ ನಡುಪೇಟೆಯಲ್ಲಿ ಮಾವ ಮೊದಲು ಓದಿದ ಬೋರ್ಡು 'ಕೋಮೆರಿಕಾ ಪಾರ್ಕ್'. "ಪಾರ್ಕ್ ಅಂತಿದೆಯಲ್ಲ, ಇಳೀರಿ, ಒಂದು ಸುತ್ತು ವಾಕಿಂಗ್ ಮಾಡೋಣ" ಎಂದರು. ಇದು ಟೈಗರ್ಸ್ ತಂಡದ ಬೇಸ್‌ಬಾಲ್ ಮೈದಾನ, ಟಿಕೆಟ್ ಇಲ್ಲದೆ ಹುಲ್ಲು ಸಹ ಕಾಣುವುದಿಲ್ಲ ಎಂದೆ. ಹೆಸರು ಬ್ಯಾಂಕಿನದು, 30 ವರ್ಷಕ್ಕೆ 6.6 ಕೋಟಿ ಡಾಲರ್ ಎಂದು ಒಪ್ಪಂದವಾಗಿತ್ತು. 2007ರಲ್ಲಿ ಆ ಬ್ಯಾಂಕು ತನ್ನ ಕೇಂದ್ರ ಕಚೇರಿಯನ್ನೇ ಡಲ್ಲಾಸಿಗೆ ಎತ್ತಿಕೊಂಡು ಹೋಯಿತು ಎಂದೂ ತಿಳಿಸಿದೆ. ಮಾವನವರ ಬೆರಳು ತಾನಾಗಿಯೇ ಷರ್ಟಿನ ಜೇಬಿನ ಕೆಂಪು ಪೆನ್ನಿನ ಕಡೆ ಹೋಯಿತು. "ವಿಳಾಸದಾರರು ಊರು ಬಿಟ್ಟಿದ್ದಾರೆ" ಎಂದರು. ಮೂವತ್ತೈದು ವರ್ಷ ಕಾಗದಗಳ ಮೇಲೆ ಬರೆದ ಷರಾ ಅದು. ಒಂದು ಕ್ರೀಡಾಂಗಣದ ಮೇಲೆ ಬರೆಯುವ ಅವಕಾಶ ಅವರಿಗೆ ಸಿಕ್ಕಿದ್ದು ಇದೇ ಮೊದಲು.

ನಿಜವಾದ ಪಾರ್ಕು ತೋರಿಸೋಣವೆಂದು ಬೆಲ್ ಐಲ್‌ಗೆ ಕರೆದೊಯ್ದೆ. ಡೆಟ್ರಾಯಿಟ್ ನದಿಯ ನಡುವಿನ 982 ಎಕರೆ ದ್ವೀಪ; ಆಚೆ ದಡದಲ್ಲಿ ಕೆನಡಾ. 2022ರವರೆಗೆ ಇಲ್ಲೇ ಗ್ರ್ಯಾನ್ ಪ್ರೀ ಕಾರ್ ಓಟ ನಡೆಯುತ್ತಿತ್ತು. ಹೆಸರಿನ ಮುಂದೆ ಷೆವ್ರೊಲೆ ಕಂಪನಿ, ಹುಲ್ಲಿನ ಮುಂದೆ ಕಾಂಕ್ರೀಟ್ ತಡೆಗೋಡೆ. ಜನ ಗೊಣಗಿದರು, ಓಟ ಪೇಟೆಯ ಬೀದಿಗೆ ವಾಪಸಾಯಿತು. ದ್ವೀಪದ ತುದಿಯಲ್ಲಿ ಬಿಳಿ ಅಮೃತಶಿಲೆಯ ದೊಡ್ಡ ಕಾರಂಜಿ. ಅದನ್ನು ನೋಡುತ್ತ ಕಂಚಿನ ಮನುಷ್ಯನೊಬ್ಬ ಕುರ್ಚಿಯಲ್ಲಿ ಕೂತಿದ್ದಾನೆ.

"ಯಾರಿವರು? ಸ್ವಾತಂತ್ರ್ಯ ಹೋರಾಟಗಾರರೆ?"

"ಜೂಜುಗಾರ, ಮಾವ."

ಜೇಮ್ಸ್ ಸ್ಕಾಟ್ ಎಂಬ ಈ ಮಹಾಶಯ 1910ರಲ್ಲಿ ತೀರಿಕೊಂಡಾಗ ಆಸ್ತಿಯನ್ನೆಲ್ಲ ನಗರಕ್ಕೆ ಬರೆದಿಟ್ಟಿದ್ದ. ಕಾರಂಜಿ ಕಟ್ಟಿಸಬೇಕು, ಜೊತೆಗೆ ತನ್ನದೊಂದು ಆಳೆತ್ತರದ ಪ್ರತಿಮೆ ಇರಿಸಬೇಕು ಎಂಬುದು ಷರತ್ತು. ಊರು ಎರಡು ಪಾಲಾಯಿತು. ಜೂಜು, ಪೋಲಿ ಕಥೆ, ಕೋರ್ಟು ಕಟ್ಲೆಗಳಲ್ಲಿ ಆಯುಷ್ಯ ಕಳೆದವನಿಗೆ ಪ್ರತಿಮೆಯೇ ಎಂದು ಪಾದ್ರಿಗಳು ಕೆರಳಿದರು. ದುಡ್ಡು ಬಿಡಲೂ ಮನಸ್ಸಿಲ್ಲ, ಮುಖ ನೋಡಲೂ ಮನಸ್ಸಿಲ್ಲ. ಹದಿನೈದು ವರ್ಷ ಎಳೆದಾಡಿ 1925ರಲ್ಲಿ ಕ್ಯಾಸ್ ಗಿಲ್ಬರ್ಟ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ ಕಾರಂಜಿ ಮುಗಿಯಿತು. ಸ್ಕಾಟನೂ ಬಂದು ಕೂತ. ಮಾವ ಬಹಳ ಹೊತ್ತು ಅವನನ್ನು ನೋಡಿ, "ನೀರು ಚೆನ್ನಾಗಿ ಚಿಮ್ತಿದೆ" ಎಂದಷ್ಟೇ ಹೇಳಿದರು. ಅವರ ಬಾಯಲ್ಲಿ ಇದು ಕ್ಷಮಾಪಣೆಗೆ ಸಮ.

ಮರುವಾರ ಷಿಕಾಗೋ ಯಾತ್ರೆ. ಡೆಟ್ರಾಯಿಟ್ ಬಿಟ್ಟು ಮುಕ್ಕಾಲು ಗಂಟೆಯಲ್ಲಿ ಆನ್ ಆರ್ಬರ್. ಅಲ್ಲೊಂದು ಗುಂಡಿಗೆ ಚಕ್ರ ಇಳಿದು ನನ್ನಾಕೆಯ ಕೈಲಿದ್ದ ಚಕ್ಕುಲಿ ಡಬ್ಬಿ ಹಾರಿತು. ಡಾಮಿನೋಸ್ ಪಿಜ್ಜಾದ ಕೇಂದ್ರ ಕಚೇರಿ ಇರುವುದು ಇದೇ ಊರಿನಲ್ಲಿ. ಮನೆಗೊಯ್ಯುವ ಪಿಜ್ಜಾ ಕುಲುಕಾಡಿ ಕೆಡುತ್ತದೆಂದು 2018ರಲ್ಲಿ ಆ ಕಂಪನಿ ಕೆಲವು ಊರುಗಳ ರಸ್ತೆಗುಂಡಿ ಮುಚ್ಚಲು ದುಡ್ಡು ಕೊಟ್ಟು, ಮುಚ್ಚಿದ ಕಡೆ ತನ್ನ ಗುರುತು ಹಾಕಿಸಿತು. ಇದನ್ನು ಕೇಳಿ ಮಾವ ಕಂಗಾಲಾದರು. "ಅರಸೀಕೆರೆಯಲ್ಲಿ ಯಾವ ಕಂಪನಿಯನ್ನ ಕೇಳೋದು?" ಹಿಂದಿನ ಸೀಟಿನಿಂದ ನನ್ನಾಕೆ, "ಕೊಬ್ಬರಿ ಮಂಡಿಯವರನ್ನ ಕೇಳಿ ಅಪ್ಪಾ. ತೆಂಗಿನಕಾಯಿ ಲಾರಿ ಕುಲುಕಾಡಿದರೆ ಅವರಿಗೇ ನಷ್ಟ" ಎಂದಳು.

ಷಿಕಾಗೋದ ಮಿಲೆನಿಯಮ್ ಪಾರ್ಕ್ ಮಾವನವರ ಪಾಲಿಗೆ ಸ್ವರ್ಗ. ಇಲ್ಲಿ ಓದದೆ ಒಂದು ಹೆಜ್ಜೆ ಇಡುವಂತಿಲ್ಲ. ಹೊಸ ಸಹಸ್ರಮಾನಕ್ಕೆಂದು ಹೊರಟ ಉದ್ಯಾನ ನಾಲ್ಕು ವರ್ಷ ತಡವಾಗಿ, 2004ರ ಜುಲೈಯಲ್ಲಿ ತೆರೆಯಿತು. 15 ಕೋಟಿ ಡಾಲರ್ ಎಂದುಕೊಂಡ ಖರ್ಚು 47 ಕೋಟಿ ದಾಟಿತು. ಮನೆ ಕಟ್ಟಿಸಿದವರಿಗೆಲ್ಲ ಇದು ಅರ್ಥವಾಗುವ ವಿಷಯ. ಕೈ ಕಚ್ಚಿದಾಗ ಸಿರಿವಂತರ, ಕಂಪನಿಗಳ ಮುಂದೆ ಜೋಳಿಗೆ ಹಿಡಿದದ್ದರಿಂದ ಹೆಸರುಗಳು ಸಾಲಾಗಿ ಬಂದು ಕೂತವು. ಬ್ಯಾಂಕಿನ ಹೆಸರಿನ ಚೇಸ್ ಪ್ರಾಮನೇಡ್. ಚೂಯಿಂಗ್ ಗಮ್ಮಿನವರ ರಿಗ್ಲೀ ಸ್ಕ್ವೇರ್. ಅಲ್ಲಿನ ಬೆಂಚಿನಡಿ ಕೈ ಹಾಕಬೇಡಿ ಎಂದು ಮಾವನಿಗೆ ಎಚ್ಚರಿಸಿದೆ. ಕರೆಂಟಿನವರ ಎಕ್ಸೆಲಾನ್ ಪೆವಿಲಿಯನ್. ಸೈಕಲ್ ನಿಲ್ದಾಣಕ್ಕೆ ಬಹಳ ವರ್ಷ ಮೆಕ್‌ಡೊನಾಲ್ಡ್ಸ್ ಹೆಸರಿತ್ತು: ಬರ್ಗರ್ ತಿನ್ನಿಸಿದವರೇ ಕರಗಿಸುವ ವ್ಯವಸ್ಥೆಯನ್ನೂ ಮಾಡಿದ್ದರು. ಹಾವಿನ ಹಾಗೆ ಹೊಳೆಯುತ್ತ ರಸ್ತೆ ದಾಟುವ ಚೆಂದದ ಸೇತುವೆ ಫ್ರಾಂಕ್ ಗೆಹ್ರಿ ಕಟ್ಟಿದ್ದು. ಅದರ ಮೇಲೆ ಕಾರು ಹೋಗುವಂತಿಲ್ಲ, ಕಾಲ್ನಡಿಗೆ ಮಾತ್ರ. ಹೆಸರು ಬಿಪಿ, ಪೆಟ್ರೋಲ್ ಕಂಪನಿಯದು!

"ಬಿಪಿ ಇರೋರು ನಡೀಬೇಕು ಅಂತ ಇಟ್ಟಿರಬೇಕು" ಎಂದು ಮಾವ ಅರ್ಥ ಬಿಡಿಸಿದರು. ಅವರಿಗೂ ಬಿಪಿ ಇದೆ. ಭಕ್ತಿಯಿಂದ ಎರಡು ಸಲ ದಾಟಿದರು.

ಮುಂದೆ ಬೋಯಿಂಗ್ ಗ್ಯಾಲರಿ. ಬೋಯಿಂಗ್ ಕಂಪನಿ 2001ರಲ್ಲಿ ಈ ಊರಿಗೆ ಬಂತು, 2022ರಲ್ಲಿ ಕೇಂದ್ರ ಕಚೇರಿಯನ್ನು ವರ್ಜೀನಿಯಾಕ್ಕೆ ಸಾಗಿಸುವುದಾಗಿ ಹೇಳಿತು ಎಂದು ನಾನು ಶುರು ಮಾಡುತ್ತಿದ್ದಂತೆಯೇ ಮಾವ ಕೈಯೆತ್ತಿ, "ವಿಳಾಸದಾರರು ಊರು ಬಿಟ್ಟಿದ್ದಾರೆ, ಅಷ್ಟೇ ತಾನೆ?" ಎಂದರು.

ಅನೀಶ್ ಕಪೂರರ ಆ ಪ್ರಸಿದ್ಧ ಉಕ್ಕಿನ ಶಿಲ್ಪ ನಿಂತಿರುವ ಅಂಗಳದ ಕಥೆ ಕೇಳಿ ಅವರಿಗೆ ತಲೆ ತಿರುಗಿತು. ಅದು ಮೊದಲು ಎಸ್‌ಬಿಸಿ ಪ್ಲಾಜಾ, ಆಮೇಲೆ ಎಟಿ ಅಂಡ್ ಟಿ ಪ್ಲಾಜಾ, ಈಗ ಗ್ರೇಂಜರ್ ಪ್ಲಾಜಾ. ಇಷ್ಟು ಸಲ ವಿಳಾಸ ಬದಲಾದರೆ ಪೋಸ್ಟ್‌ಮನ್ ಗತಿಯೇನು? ಕಲಾವಿದ ಇಟ್ಟ 'ಕ್ಲೌಡ್ ಗೇಟ್' ಎಂಬ ಹೆಸರಿನಿಂದಲೂ ಶಿಲ್ಪವನ್ನು ಅಲ್ಲಿ ಯಾರೂ ಕರೆಯುವುದಿಲ್ಲ. 110 ಟನ್ ತೂಗುವ ಆ ವಸ್ತುವನ್ನು ಊರೆಲ್ಲ 'ಬೀನ್' ಎನ್ನುತ್ತದೆ. "ಹುರುಳಿಕಾಯಿ" ಎಂದು ಮಾವ ತತ್ಕ್ಷಣ ಕನ್ನಡೀಕರಿಸಿ, ಅದರಲ್ಲಿ ತಮ್ಮ ಹೊಟ್ಟೆಯ ಪ್ರತಿಬಿಂಬ ಕಂಡು ಗಾಬರಿಯಾಗಿ ಹಿಂದೆ ಸರಿದರು. ಬಿಪಿ ಸೇತುವೆಯ ಮೇಲೆ ಮೂರನೆಯ ಸುತ್ತಿಗೆ ಹೊರಟವರನ್ನು ತಡೆದು ಹುಲ್ಲಿನ ಮೇಲೆ ಕೂರಿಸಿದೆ.

ಅಲ್ಲಿ ಕೂತು ವಾರ್ಡ್ ಕಥೆ ಹೇಳಿದೆ. 1836ರ ನಕ್ಷೆಯೊಂದರಲ್ಲಿ ಈ ಕೆರೆದಡದ ನೆಲಕ್ಕೆ ಒಂದು ಷರಾ ಬರೆದಿದ್ದರು: ಇದು ಎಲ್ಲರ ಜಾಗ, ಎಂದೆಂದಿಗೂ ತೆರೆದಿರಬೇಕು, ಕಟ್ಟಡ ಏಳಕೂಡದು. ಆರನ್ ಮಾಂಟ್ಗೊಮೆರಿ ವಾರ್ಡ್ ಎಂಬ ವ್ಯಾಪಾರಿ ಆ ಒಂದು ಸಾಲಿಗಾಗಿ 1890ರಿಂದ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದು ಗೆದ್ದ. ಅಂಚೆಯ ಮೂಲಕ ಸಾಮಾನು ಮಾರಿ ಸಿರಿವಂತನಾದವನು ಅವನು ಎಂದದ್ದೇ ತಡ, ಮಾವ ನೆಟ್ಟಗೆ ಕೂತರು. "ನಮ್ಮ ಇಲಾಖೆಯೋರು!" ಅವನ ಕಂಪನಿ 2001ರಲ್ಲಿ ಬಾಗಿಲು ಮುಚ್ಚಿತು, ಬಯಲು ಮಾತ್ರ ತೆರೆದೇ ಇದೆ. ನಮ್ಮೆದುರಿಗೆ ಉಕ್ಕಿನ ರಿಬ್ಬನ್ನುಗಳನ್ನು ಕೆದರಿಕೊಂಡು ನಿಂತಿದ್ದ ಸಂಗೀತ ಮಂಟಪವೂ ಆ ಷರಾಕ್ಕೆ ಹೆದರಿತ್ತು. ಎತ್ತರದ ಕಟ್ಟಡ ಕೂಡದಲ್ಲ? ಹಾಗಾಗಿ ಅದನ್ನು ಕಟ್ಟಡವಲ್ಲ, ಕಲಾಕೃತಿ ಎಂದು ಕಾಗದದಲ್ಲಿ ತೋರಿಸಿದರು. ಕೆರೆ ಒತ್ತುವರಿ ಮಾಡಿದ ನಮ್ಮೂರಿನ ಬಿಲ್ಡರುಗಳಿಗೆ ಈ ಉಪಾಯ ಇನ್ನೂ ಹೊಳೆದಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ಎಂದೆಂದಿಗೂ ತೆರೆದಿರಬೇಕಾದ ಈ ಉದ್ಯಾನದ ಬಹುಭಾಗವನ್ನು 2005ರ ಸೆಪ್ಟೆಂಬರಿನ ಒಂದು ದಿನ ಮುಚ್ಚಿದ್ದರು. ಟೊಯೊಟಾ ಕಂಪನಿ 8 ಲಕ್ಷ ಡಾಲರ್ ಕೊಟ್ಟು ಅಷ್ಟನ್ನೂ ಬಾಡಿಗೆಗೆ ಹಿಡಿದಿತ್ತು. "ಕಲ್ಯಾಣ ಮಂಟಪದ ಥರ" ಎಂದರು ಮಾವ. ಡೆಟ್ರಾಯಿಟಿನವನಾದ ನಾನು ಸ್ಥಳೀಯ ಅಭಿಮಾನದಿಂದ ಇದನ್ನು ಖಂಡಿಸಲು ಹೊರಟು, ನಡುವೆಯೇ ದನಿ ತಗ್ಗಿಸಬೇಕಾಯಿತು. ನಾವು ಬಂದಿದ್ದ ಕಾರು ಅದೇ ಕಂಪನಿಯದು.

"ಏನೇ ಹೇಳಿ ಮಾವ, ಎಲ್ಲದಕ್ಕೂ ಹೆಸರು ಅಂಟಿಸೋದು ಅಮೆರಿಕದ ರೋಗ" ಎಂದು ಮಾತು ಮುಗಿಸಲು ನೋಡಿದೆ.

"ಯಾಕೆ, ಬೆಂಗಳೂರಲ್ಲಿ ಇಲ್ವೆ? ಹೋದ ಆಗಸ್ಟಲ್ಲಿ ಹಳದಿ ಮಾರ್ಗದ ಮೆಟ್ರೋ ಹತ್ತಿದ್ದೆ. ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ಊರಿಗೆಲ್ಲ ಇನಿಷಿಯಲ್ ಬಂದಿದೆ. ಅದೂ ಬಿಡಿ. ನಿಮ್ಮ ಡೆಟ್ರಾಯಿಟಿನ ಕನ್ನಡ ಕೂಟದ ಹೆಸರೇನು?"

"ಪಂಪ."

"ಪಂಪನ ಪ್ರಾಯೋಜಕರು ಯಾರು?"

ನಾನು ಸಿಕ್ಕಿಬಿದ್ದೆ. ಹತ್ತನೆಯ ಶತಮಾನದಲ್ಲಿ ಪಂಪ ಭಾರತ ಬರೆದದ್ದು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ. ಕೃತಿಯ ಕೊನೆಗೊಂದು ಕೃತಜ್ಞತೆ ಹೇಳಿ ಸುಮ್ಮನಾದನೆ? ಅರಸನನ್ನೇ ಅರ್ಜುನನೊಂದಿಗೆ ಬೆಸೆದು ಕಥೆಯುದ್ದಕ್ಕೂ ನಡೆಸಿದ. ದ್ರೌಪದಿಯನ್ನು ಗೆಲ್ಲುವವನೂ ಪ್ರಾಯೋಜಕ, ಕರ್ಣನನ್ನು ಕೊಲ್ಲುವವನೂ ಪ್ರಾಯೋಜಕ. ಪ್ರತಿಯಾಗಿ ಧರ್ಮಪುರವೆಂಬ ಅಗ್ರಹಾರ ಪಡೆದ. ಸೇತುವೆಗೆ ಹೆಸರಿಡುವುದು ಇದರ ಮುಂದೆ ಯಾವ ಲೆಕ್ಕ?

"ಆದರೆ ನೋಡಿ, ಕೂಟಕ್ಕೆ ಅರಿಕೇಸರಿ ಕೂಟ ಅಂತ ಯಾರೂ ಇಟ್ಟಿಲ್ಲ" ಎಂದು ಮಾವ ಎದ್ದು ಪಂಚೆ ಕೊಡವಿದರು. "ಅವನ ಹೆಸರು ಉಳಿದಿರೋದೂ ಪಂಪ ಚೆನ್ನಾಗಿ ಬರೆದದ್ದರಿಂದ. ದಾನ ಕೊಟ್ಟೋರು ಶಾಸನದಲ್ಲಿ ಸೂರ್ಯ ಚಂದ್ರರಿರೋ ತನಕ ಅಂತ ಹಾಕಿಸ್ತಿದ್ರು. ಕಿತ್ತುಕೊಂಡೋನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳು ಆಗ್ತಾನೆ ಅಂತಾನೂ ಸೇರಿಸ್ತಿದ್ರು. ನಿಮ್ಮ ವಕೀಲರು ಮೂವತ್ತು ವರ್ಷ ಅಂತ ಬರೀತಾರೆ. ಹುಳದ ವಿಷಯ ಬರೆಯೋದೇ ಇಲ್ಲ."

ಈಗ ನನ್ನ ತಪ್ಪೊಪ್ಪಿಗೆ. ಮುಂದಿನ ಭಾನುವಾರ ನಮ್ಮ ಸುತ್ತಮುತ್ತಲಿನ ಕನ್ನಡದ ಮನೆಗಳವರು ಸೇರಿ ಕೆರೆದಡದ ಪಾರ್ಕೊಂದರಲ್ಲಿ ವನಭೋಜನ ಇಟ್ಟುಕೊಂಡಿದ್ದೆವು. ಪ್ರಾಯೋಜಕರನ್ನು ಹಿಡಿಯುವ ಹೊಣೆ ನನ್ನದಾಗಿತ್ತು. 50 ಡಾಲರಿಗೆ ಹವಳ, 100ಕ್ಕೆ ಮುತ್ತು, 250ಕ್ಕೆ ವಜ್ರ ಎಂದು ನಾನೇ ದರಪಟ್ಟಿ ಮಾಡಿದ್ದೆ. ವಿಜಯನಗರದ ಬೀದಿಯಲ್ಲಿ ಸೇರಿನಲ್ಲಿ ಅಳೆದದ್ದನ್ನು ನಾನು ಪೇಪರ್ ತಟ್ಟೆಯಲ್ಲಿ ಅಳೆದೆ. ಮನೆ ಮಾರಿಸುವ ಏಜೆಂಟರೊಬ್ಬರು ವಜ್ರವಾದರು. ಹತ್ತಡಿಯ ಬ್ಯಾನರು ಬಂತು. ಅದರಲ್ಲಿ ಎಂಟಡಿ ಅವರ ನಗು, ಎರಡಡಿ ಫೋನ್ ನಂಬರು, ಮೂಲೆಯಲ್ಲೆಲ್ಲೋ 'ವನಭೋಜನ'. ಕಟ್ಟಿದ ಮೇಲೆ ಕೆರೆ ಕಾಣಲಿಲ್ಲ. ಮಾವ ಅದರ ಮುಂದೆ ನಿಂತು ಪೂರ್ತಿ ಓದಿದರು, ನನ್ನ ಕಡೆ ತಿರುಗಿ ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಬಿಸಿಬೇಳೆಬಾತಿನ ಡಬರಿ ತೆರೆಯುವಷ್ಟರಲ್ಲಿ ಒಂದು ಜಡಿಮಳೆ ಹೊಡೆದು ನಿಂತಿತು. ಹುಲ್ಲೆಲ್ಲ ಒದ್ದೆ. ರೇಷ್ಮೆ ಸೀರೆಯ ಅಜ್ಜಿಯರು ಎಲ್ಲಿ ಕೂರಬೇಕು? ಅವರಲ್ಲೊಬ್ಬರು ಯಾರನ್ನೂ ಕೇಳದೆ ಬ್ಯಾನರಿನ ಹಗ್ಗ ಬಿಚ್ಚಿ, ಕೊಡವಿ, ಹುಲ್ಲಿನ ಮೇಲೆ ಹಾಸಿದರು. ವಜ್ರದ ಪ್ರಾಯೋಜಕರ ನಗುಮುಖದ ಮೇಲೆ ಎಂಟು ಜನ ಅಜ್ಜಿಯರು ಸುಖಾಸೀನರಾಗಿ ಊಟಕ್ಕೆ ಕೈ ಹಾಕಿದರು. ಎದುರಿಗೆ ಕೆರೆಯೂ ಕಂಡಿತು. ಏಜೆಂಟರು ಒಳ್ಳೆಯವರು, ತಾವೇ ಬಂದು ಬೂಂದಿ ಬಡಿಸಿದರು.

"ಈಗ ಆಯ್ತು ನೋಡಿ, ಸೇವಾರ್ಥ" ಎಂದರು ಮಾವ.

ಊರಿಗೆ ಮರಳಿ ತಿಂಗಳಾದ ಮೇಲೆ ಅವರ ಫೋನು ಬಂತು. ದೇವಸ್ಥಾನದಲ್ಲಿ ತಾವು ಕೊಟ್ಟಿದ್ದ ಟ್ಯೂಬ್‌ಲೈಟನ್ನು ತೆಗೆದು ಎಲ್‌ಇಡಿ ಬಲ್ಬು ಹಾಕಿದ್ದಾರಂತೆ. "ಬೆಳಕು ಜಾಸ್ತಿ, ಹೆಸರು ಬರೆಯೋಕೆ ಜಾಗ ಇಲ್ಲ." ಅದಕ್ಕೇ ಈ ಸಲ ಅರಳಿಕಟ್ಟೆಯ ಪಕ್ಕ ಒಂದು ಕಲ್ಲುಬೆಂಚು ಹಾಕಿಸಿದ್ದಾರೆ.

"ಹೆಸರು ಏನಂತ ಕೆತ್ತಿಸಿದ್ರಿ ಮಾವ?"

"ಹೆಸರು ಬೇಡ ಅಂದೆ. 'ಕೂತ್ಕೊಳ್ಳಿ' ಅಂತ ಕೆತ್ತು ಅಂದೆ."

ನನಗೆ ಗಂಟಲು ತುಂಬಿ ಬಂತು. ಏನಾದರೂ ದೊಡ್ಡ ಮಾತು ಆಡಬೇಕೆಂದು ಹುಡುಕುತ್ತಿರುವಾಗ ಅವರೇ ಮುಂದುವರಿಸಿದರು. "ಕೆತ್ತಿದ. ಕೆಳಗೆ ತನ್ನ ಹೆಸರು, ಅಂಗಡಿ ಹೆಸರು, ಮೊಬೈಲ್ ನಂಬರ್ ಕೂಡ ಕೆತ್ತಿಕೊಂಡಿದ್ದಾನೆ. ಬೈಯೋಣ ಅಂತ ಹೋದೆ. ಹೊಯ್ಸಳರ ಕಾಲದ ರೂವಾರಿಗಳೂ ಶಿಲ್ಪದ ಕೆಳಗೆ ಹೆಸರು ಕೆತ್ತಿಲ್ವಾ ಸಾರ್ ಅಂತ ನನಗೇ ಕೇಳ್ತಾನೆ."

"ನೀವೇನಂದ್ರಿ?"

"ಏನನ್ನೋದು? ನಂಬರ್ ಸರಿಯಾಗಿದೆಯಾ ಅಂತ ಒಂದು ಸಲ ಫೋನ್ ಮಾಡಿ ನೋಡಿದೆ. ಎತ್ತಿದ. ವಿಳಾಸದಾರ ಊರಲ್ಲೇ ಇದ್ದಾನೆ."