ಹುಣಸೆ ತೋಪಿನಿಂದ ಕ್ರಾಫರ್ಡ್ ಹಾಲಿಗೆ

ನಮ್ಮ ದೊಡ್ಡಮ್ಮನಿಗೆ ಯಾವ ಊರಿಗೆ ಹೋದರೂ ಅಳತೆಗೋಲು ತನ್ನೂರು ನಲ್ಲೂರಿನ ಹುಣಸೆ ತೋಪೇ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದ ಮೇಲಂತೂ ಕೇಳಲೇಬೇಡಿ.

ಮೈಸೂರು ವಿಶ್ವವಿದ್ಯಾಲಯದ ಕ್ರಾಫರ್ಡ್ ಹಾಲ್ ಮುಂದೆ ನಿಂತು ಸೆರಗಿನಿಂದ ಬೆವರು ಒರೆಸಿಕೊಂಡು ಕತ್ತೆತ್ತಿ ನೋಡಿದಳು. "ಕಂಬ ಏನೋ ಚೆನ್ನಾಗೈತೆ. ನಮ್ಮ ಮರದಷ್ಟು ದಪ್ಪ ಇಲ್ಲ ಬಿಡು. ಎಷ್ಟು ಹಳೇದ್ಲಾ ಇದು?"

"1947ರದ್ದು ದೊಡ್ಡಮ್ಮ. ವಿಶ್ವವಿದ್ಯಾಲಯ ಮಾತ್ರ ನಾಲ್ವಡಿಯವರ ಕಾಲದ್ದು, 1916."

"ಓಹೋ, ಹುಡುಗು ಕಟ್ಟಡ! ಕ್ರಾಫರ್ಡ್ ಅಂದ್ರೆ ಬಿಳಿಯರ ಹೆಸ್ರಲ್ವ?"

ಬಿಳಿಯರು ಗಂಟುಮೂಟೆ ಕಟ್ಟಿದ ವರ್ಷವೇ ಅವರ ಹೆಸರು ಹೊತ್ತ ಕಟ್ಟಡ! ಈ ತಮಾಷೆ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಘಟಿಕೋತ್ಸವ, ಕಪ್ಪು ಗೌನು, ಚಿನ್ನದ ಪದಕ ಎಂದೆಲ್ಲ ವರ್ಣಿಸಿದೆ. ಕುವೆಂಪು 1956ರಿಂದ 1960ರವರೆಗೆ ಇಲ್ಲಿ ಕುಲಪತಿಯಾಗಿದ್ದರು, ಎದುರಿನ ಕುಕ್ಕರಹಳ್ಳಿ ಕೆರೆ ಸುತ್ತ ಅವರು ವಾಕಿಂಗ್ ಹೋಗುತ್ತಿದ್ದರು ಎಂದೂ ಸೇರಿಸಿದೆ. ದೊಡ್ಡಮ್ಮ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ಕೇಳಿದಳು:

"ನೀನೂ ಆ ಕರಿ ನಿಲುವಂಗಿ ಹಾಕ್ಕೊಂಡು ಇಲ್ಲೇ ಪದವಿ ತಗೊಂಡೆಯಾ?"

ಬೆವರೊರೆಸುವ ಸರದಿ ನನ್ನದಾಯಿತು. ಬಸ್ ಚಾರ್ಜು, ಗೌನಿನ ಬಾಡಿಗೆ ಎರಡೂ ಉಳಿಯಲೆಂದು ನಾನು ಪದವಿಯನ್ನು ಅಂಚೆಯಲ್ಲಿ ತರಿಸಿಕೊಂಡಿದ್ದೆ.

"ಪೋಸ್ಟಲ್ಲಿ ಬಂತು."

ದೊಡ್ಡಮ್ಮ ಕೈಚೀಲದಿಂದ ಹುಣಸೆಹಣ್ಣಿನ ಉಂಡೆಯೊಂದನ್ನು ತೆಗೆದು ನನ್ನ ಅಂಗೈಗಿಟ್ಟಳು.

"ತಗೋ. ಇದನ್ನಾದ್ರೂ ಕೈಯಾರೆ ಕೊಟ್ಟಂಗಾಯ್ತು."