ಪ್ಯಾಸೇಜ್ ಮೇಷ್ಟ್ರು

ತಾಲ್ಲೂಕು ಕೇಂದ್ರ ಅಂದಮೇಲೆ ಒಂದು ಕೋರ್ಟು, ಒಂದು ಸಂತೆಮಾಳ, ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಜೆರಾಕ್ಸ್ ಅಂಗಡಿ, ಆ ಅಂಗಡಿಯ ಮೇಲಿನ ಶೀಟು ಹೊದಿಸಿದ ಕೋಣೆಯಲ್ಲಿ ಒಬ್ಬ ಪ್ಯಾಸೇಜ್ ಮೇಷ್ಟ್ರು ಇರಲೇಬೇಕು. ಹೆತ್ತವರು ಇಟ್ಟ ಹೆಸರು ಅವರ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಪಿಯುಸಿ, ಡಿಗ್ರಿ ಹುಡುಗರ ಬಾಯಲ್ಲಿ ಅವರು ಪ್ಯಾಸೇಜ್ ಮೇಷ್ಟ್ರೇ. ಮೆಟ್ಟಿಲ ಪಕ್ಕದ ಬೋರ್ಡಿನಲ್ಲಿ "ಇಂಗ್ಲಿಷ್ ಪಾಸ್ ಗ್ಯಾರಂಟಿ" ಎಂದು ಬರೆಸಿದ್ದಾರೆ. ಇಂಗ್ಲಿಷ್ ಕಲಿಸಲಾಗುವುದು ಎಂದು ಎಲ್ಲೂ ಬರೆಸಿಲ್ಲ. ಯಾರು ಏನೇ ಅನ್ನಲಿ, ಮೇಷ್ಟ್ರು ಸುಳ್ಳು ಹೇಳುವವರಲ್ಲ.

ಬಿ.ಎ.ಯಲ್ಲಿ ಅವರು ಓದಿದ್ದು ಇತಿಹಾಸ. ಇಂಗ್ಲಿಷಿಗೆ ಬಂದದ್ದು ಹೊಟ್ಟೆಪಾಡಿಗೆ. ಆದರೆ ಕಲಿತ ವಿದ್ಯೆ ಎಲ್ಲಿಗೆ ಹೋದೀತು? ಹಳೆಯ ಪ್ರಶ್ನೆಪತ್ರಿಕೆಗಳನ್ನು ಅವರು ಶಾಸನಗಳ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ವರ್ಷವಾರು ಜೋಡಿಸಿ, ಹೊಲಿಸಿ, ರಟ್ಟು ಹಾಕಿಸಿದ ಆ ಸಂಪುಟವನ್ನು ಮೇಜಿನ ಮೇಲಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಈ ಪ್ರಶ್ನೆ ಎರಡು ವರ್ಷದಿಂದ ಬಂದಿಲ್ಲ, ಈ ಸಲ ತಪ್ಪಿಸ್ಕೊಳ್ಳಕ್ಕಾಗಲ್ಲ" ಎಂದರೆ ಹುಡುಗರು ಅಲ್ಲೇ ಪೆನ್ನು ತೆಗೆದು ಸ್ಟಾರ್ ಹಾಕಿಕೊಳ್ಳುತ್ತಾರೆ. ಪ್ರಶ್ನೆ ಬಂದರೆ ಅದು ಮೇಷ್ಟ್ರ ಸಂಶೋಧನೆ. ಬಾರದಿದ್ದರೆ ಪತ್ರಿಕೆ ತೆಗೆದವರಿಗೆ ಸಂಪ್ರದಾಯದ ಅರಿವಿಲ್ಲ.

ಅವರ ಕೀರ್ತಿ ನಿಂತಿರುವುದು ಗದ್ಯಭಾಗದ ಮೇಲೆ. ಒಂದು ಪ್ಯಾಸೇಜು ಕೊಟ್ಟು, ಓದಿ ಅರ್ಥಮಾಡಿಕೊಂಡು ಉತ್ತರಿಸಿ ಎನ್ನುತ್ತಾರಲ್ಲ, ಅದು. ದ್ವಿತೀಯ ಪಿಯುಸಿಯ ಹಳೆಯ 100 ಅಂಕದ ಪತ್ರಿಕೆಯಲ್ಲಿ ಅದೊಂದಕ್ಕೇ 10 ಅಂಕ. ಮೇಷ್ಟ್ರ ಮೊದಲ ಪಾಠದ ಮೊದಲ ವಾಕ್ಯ: "ಯಾರೂ ಪ್ಯಾಸೇಜು ಓದಬಾರ್ದು." ಹೊಸ ಹುಡುಗರು ಗಾಬರಿಯಾಗುತ್ತಾರೆ. ಹಳಬರು, ಅಂದರೆ ಹಿಂದಿನ ಸಲ ಬೇರೆ ಕಡೆ ಪ್ಯಾಸೇಜು ಓದಿ ಫೇಲಾಗಿ ಬಂದವರು, ತಲೆಯಾಡಿಸುತ್ತಾರೆ.

ಮೇಷ್ಟ್ರು ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯುತ್ತಾರೆ: "ದಿ ಟಿಂಬೋ ಝಿಂಕ್ಡ್ ತ್ರೀ ಪಿಟಾಸ್ ನಿಯರ್ ದಿ ಗೋಲಾ."

"ಅರ್ಥ ಆಯ್ತೇನ್ರೋ?"

"ಇಲ್ಲ ಸಾರ್."

"ನಂಗೂ ಆಗಿಲ್ಲ. ಈಗ ಪ್ರಶ್ನೆ ನೋಡಿ. ವಾಟ್ ಡಿಡ್ ದಿ ಟಿಂಬೋ ಝಿಂಕ್?"

ಹಿಂದಿನ ಬೆಂಚಿನಿಂದ ಒಂದು ದನಿ ಅಳುಕುತ್ತ ಬರುತ್ತದೆ. "ತ್ರೀ ಪಿಟಾಸ್ ಸಾರ್."

"ಭೇಷ್! ಒಂದು ಮಾರ್ಕು. ವೇರ್ ಡಿಡ್ ದಿ ಟಿಂಬೋ ಝಿಂಕ್ ದೆಮ್?"

ಈಗ ಇಡೀ ಕ್ಲಾಸು ಒಕ್ಕೊರಲಿನಿಂದ: "ನಿಯರ್ ದಿ ಗೋಲಾ!"

"ನೋಡಿದ್ರಾ? ಎರಡು ಮಾರ್ಕು ಜೇಬಿಗೆ ಬಂತು. ಟಿಂಬೋ ಯಾರು, ಅವ್ನು ಯಾಕೆ ಝಿಂಕಿದ, ಅದೆಲ್ಲ ಅವನ ಮನೆ ವಿಷ್ಯ."

ಒಬ್ಬ ಹುಡುಗಿ ಕೈಯೆತ್ತುತ್ತಾಳೆ. "ಸಾರ್, ಪಿಟಾಸ್ ಅಂದ್ರೆ ಏನ್ ಸಾರ್?"

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಅವಳನ್ನು ಮರುಕದಿಂದ ನೋಡುತ್ತಾರೆ. "ಇದೇ ಕಣಮ್ಮ ನಿನ್ನ ಪ್ರಾಬ್ಲಮ್ಮು. ನಿಂಗೆ ಕುತೂಹಲ ಜಾಸ್ತಿ. ಮೂರು ಗಂಟೆ ಪರೀಕ್ಷೇಲಿ ಕುತೂಹಲಕ್ಕೆ ಟೈಮಿಲ್ಲ."

ಕೆಲವು ಪ್ರಶ್ನೆಗಳು ಮಾತ್ರ ಈ ಬಲೆಗೆ ಬೀಳುವುದಿಲ್ಲ. ಒಂದು ಪದ ಕೊಟ್ಟು, ಅದರ ಹಿಂದೆ ಏನು ಸೇರಿಸಿದರೆ ವಿರುದ್ಧಾರ್ಥ ಬರುತ್ತದೆ ಎಂದು ಕೇಳುತ್ತಾರೆ. ಅದಕ್ಕೂ ಸೂತ್ರವಿದೆ. "ಮೊದ್ಲು 'ಅನ್' ಹಾಕಿ ಮನಸ್ಸಲ್ಲೇ ಹೇಳ್ಕಳಿ. ಕಿವಿಗೆ ಕೆಟ್ಟದಾಗಿ ಕೇಳುದ್ರೆ 'ಇಮ್' ಹಾಕಿ. ಅದೂ ಒಗ್ಗಲಿಲ್ಲ ಅಂದ್ರೆ 'ಡಿಸ್'. ಯಾವುದಕ್ಕೂ ಒಗ್ಗದಿದ್ರೆ ಪಕ್ಕದವನ ಮುಖ ನೋಡಿ." ಆ ಕೊನೆಯ ಸಲಹೆಯನ್ನು ಅವರು ಸ್ವಲ್ಪ ದನಿ ತಗ್ಗಿಸಿಯೇ ಹೇಳುತ್ತಾರೆ.

ಪಠ್ಯದ ಕಡೆಗೆ ಬಂದರೆ ಮೇಷ್ಟ್ರ ಪ್ರತಿಭೆ ಇನ್ನೊಂದು ಬಗೆಯದು. ದ್ವಿತೀಯ ಪಿಯುಸಿಯ 'ಸ್ಪ್ರಿಂಗ್ಸ್' ಪುಸ್ತಕದಲ್ಲಿ ಕುವೆಂಪು ಇದ್ದಾರೆ, ಲಂಕೇಶ್ ಇದ್ದಾರೆ, ಇಬ್ಬರೂ ಇಂಗ್ಲಿಷ್ ವೇಷದಲ್ಲಿ. ಮೇಷ್ಟ್ರು ಆ ವೇಷ ಬಿಚ್ಚಿಸಿ, ಕನ್ನಡದಲ್ಲಿ ನಾಲ್ಕು ಸಾಲು ಸಾರಾಂಶ ಹೇಳಿ, ಅದನ್ನೇ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಬರೆಸುತ್ತಾರೆ. ಇಷ್ಟು ಸಲ ಬಟ್ಟೆ ಬದಲಿಸಿದ ಕುವೆಂಪು ಕೊನೆಗೆ ಯಾರಂತೆ ಕಾಣುತ್ತಾರೆಂದು ಉತ್ತರಪತ್ರಿಕೆ ನೋಡಿದವರೇ ಹೇಳಬೇಕು. ಅದೇ ಪುಸ್ತಕದಲ್ಲಿ ಲೇಖಕ ಬೋರ್ಹೆಸ್ ಸಂದರ್ಶನವೊಂದಿದೆ. ಪುಸ್ತಕಗಳು ಎಂದೂ ಕಣ್ಮರೆಯಾಗುವುದಿಲ್ಲ ಎಂಬುದು ಅದರ ತಿರುಳು. ಮೇಷ್ಟ್ರ ಕೋಣೆಯಲ್ಲಿ ಆ ಪಾಠ ನಡೆಯುವಾಗ ಒಬ್ಬರ ಕೈಯಲ್ಲೂ ಪುಸ್ತಕ ಇರುವುದಿಲ್ಲ. ಕೆಳಗಿನ ಅಂಗಡಿಯ ಎರಡು ಹಾಳೆ ಜೆರಾಕ್ಸು ಇರುತ್ತದೆ, ಅಷ್ಟೆ.

ಇನ್ನು ಖಲೀಲ್ ಗಿಬ್ರಾನ್. ದೊಡ್ಡವರು ತಮ್ಮ ವಿಚಾರಗಳನ್ನು ಮಕ್ಕಳ ಮೇಲೆ ಹೇರಬಾರದು ಎನ್ನುವ ಅವನ ಕವಿತೆ ಮೇಷ್ಟ್ರಿಗೆ ಬಹಳ ಇಷ್ಟ. ಅದಕ್ಕೆ ಒಂದು ಪ್ರಶ್ನೆ: ಇದನ್ನು ನೀವು ಒಪ್ಪುತ್ತೀರಾ? ನಿಮ್ಮ ಅಭಿಪ್ರಾಯ ಬರೆಯಿರಿ. ಮೇಷ್ಟ್ರು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಎಲ್ರೂ ಬರ್ಕಳ್ರೋ, ನಿಮ್ಮ ಅಭಿಪ್ರಾಯ" ಎಂದು ಶುರುಮಾಡುತ್ತಾರೆ. ನಲವತ್ತು ಪೆನ್ನುಗಳು ಒಟ್ಟಿಗೆ ಓಡುತ್ತವೆ. ಮುಂದಿನ ಬೆಂಚಿನವನೊಬ್ಬ "ನಂಗೆ ಒಪ್ಪಿಗೆ ಇಲ್ಲ ಸಾರ್" ಎಂದರೆ, "ಒಪ್ಪದಿರೋದಕ್ಕೆ ಪಾಯಿಂಟ್ಸ್ ನಾನು ರೆಡಿ ಮಾಡಿಲ್ಲ, ಈ ವರ್ಷಕ್ಕೆ ಒಪ್ಕೋ" ಎಂದು ಸಮಾಧಾನ ಹೇಳುತ್ತಾರೆ.

ಡಿಗ್ರಿ ಹುಡುಗರಿಗೆ ಪ್ರಬಂಧದ ಕಾಟ ಬೇರೆ. ನೂರು ವಿಷಯ ಕೊಟ್ಟರೆ ನೂರು ಪ್ರಬಂಧ ಉರು ಹೊಡೆಯಲಾದೀತೆ? ಮೇಷ್ಟ್ರು ಒಂದೇ ಪ್ರಬಂಧ ಬರೆಸುತ್ತಾರೆ. ಅದರ ಮೊದಲ ಪದ ಖಾಲಿ ಜಾಗ. ಮುಂದಿನದು ಹೀಗೆ: "ಈಸ್ ಎ ಬರ್ನಿಂಗ್ ಪ್ರಾಬ್ಲಮ್ ಆಫ್ ಅವರ್ ಕಂಟ್ರಿ. ಇಟ್ ಈಸ್ ಇನ್‌ಕ್ರೀಸಿಂಗ್ ಡೇ ಬೈ ಡೇ. ಗವರ್ನಮೆಂಟ್ ಶುಡ್ ಟೇಕ್ ಸ್ಟ್ರಿಕ್ಟ್ ಆ್ಯಕ್ಷನ್." ಖಾಲಿ ಜಾಗದಲ್ಲಿ ವರದಕ್ಷಿಣೆ ತುಂಬಿ, ನಿರುದ್ಯೋಗ ತುಂಬಿ, ಪರಿಸರ ಮಾಲಿನ್ಯ ತುಂಬಿ, ಎಲ್ಲಕ್ಕೂ ಸರಿಹೊಂದುತ್ತದೆ. ಮಧ್ಯೆ ಒಂದು ಕೊಟೇಶನ್ ಇರಬೇಕು. ಸಮಾಜದ ವಿಷಯವಾದರೆ ಕೆಳಗೆ ಗಾಂಧೀಜಿ ಹೆಸರು, ವಿಜ್ಞಾನವಾದರೆ ಅಬ್ದುಲ್ ಕಲಾಂ, ಯುವಕರ ವಿಷಯವಾದರೆ ವಿವೇಕಾನಂದ. ಮೇಲಿನ ಮಾತು ನಿಮ್ಮದೇ. "ಅವ್ರು ಯಾವತ್ತೋ ಯಾರ ಹತ್ರಾನೋ ಅಂದೇ ಇರ್ತಾರೆ. ದೊಡ್ಡವರು, ಬೇಜಾರ್ ಮಾಡ್ಕಳಲ್ಲ."

ಒಂದು ಸೆಮಿಸ್ಟರಿನಲ್ಲಿ ಪ್ರಬಂಧದ ವಿಷಯ "ನನ್ನ ಅಜ್ಜಿ" ಎಂದು ಬಂತು. ಮೇಷ್ಟ್ರ ಶಿಷ್ಯನೊಬ್ಬ ಧೃತಿಗೆಡಲಿಲ್ಲ. "ಮೈ ಗ್ರ್ಯಾಂಡ್‌ಮದರ್ ಈಸ್ ಎ ಬರ್ನಿಂಗ್ ಪ್ರಾಬ್ಲಮ್ ಆಫ್ ಅವರ್ ಕಂಟ್ರಿ. ಶಿ ಈಸ್ ಇನ್‌ಕ್ರೀಸಿಂಗ್ ಡೇ ಬೈ ಡೇ" ಎಂದು ಎರಡು ಪುಟ ಬರೆದು ಬಂದ. ಊರೆಲ್ಲ ನಕ್ಕರೂ ಮೇಷ್ಟ್ರು ಹುಡುಗನನ್ನು ಬಿಟ್ಟುಕೊಡಲಿಲ್ಲ. "ನಗ್ತೀರಲ್ಲ, 'ಇಟ್' ಇದ್ದಿದ್ದನ್ನ ಅವ್ನೇ 'ಶಿ' ಮಾಡವ್ನೆ. ಅಷ್ಟು ವ್ಯಾಕರಣ ನಿಮ್ಗೆ ಬತ್ತದಾ?"

ಪತ್ರಲೇಖನದಲ್ಲಂತೂ ಮೇಷ್ಟ್ರನ್ನು ಮೀರಿಸುವವರಿಲ್ಲ. ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿ ಕೆಲಸಕ್ಕೆ ಅರ್ಜಿ ಬರೆಯಬೇಕು. ಅಭ್ಯರ್ಥಿಯ ಗುರುತು ಬಯಲಾಗದಿರಲೆಂದು ಹೆಸರಿನ ಜಾಗದಲ್ಲಿ ಎಕ್ಸ್ ಎಕ್ಸ್ ಎಕ್ಸ್, ವಿಳಾಸದ ಜಾಗದಲ್ಲಿ ವೈ ವೈ ವೈ ಎಂದು ಬರೆಯಿರಿ ಎಂದು ಪ್ರಶ್ನೆಯಲ್ಲೇ ಸೂಚನೆ ಇರುತ್ತದೆ. ಹಾಗಾಗಿ ವರ್ಷವರ್ಷವೂ ವೈ ವೈ ವೈ ಊರಿನ ಎಕ್ಸ್ ಎಕ್ಸ್ ಎಕ್ಸ್ ಎಂಬಾತ ಲಕ್ಷಾಂತರ ಪ್ರತಿಗಳಲ್ಲಿ ಕೆಲಸ ಬೇಡುತ್ತಲೇ ಇದ್ದಾನೆ. ಅವನ ಅರ್ಜಿಯಲ್ಲಿ ಒಂದು ಕಾಮಾ ತಪ್ಪಿರುವುದಿಲ್ಲ. ಪಾಪ, ಕೆಲಸ ಮಾತ್ರ ಸಿಕ್ಕಿದ ವರ್ತಮಾನವಿಲ್ಲ.

ಮೇಷ್ಟ್ರಿಗೆ ಇಂಗ್ಲಿಷ್ ಮಾತಾಡಲು ಬರುತ್ತದೆಯೆ? ಈ ಅನುಮಾನ ಊರಿನಲ್ಲಿ ಹಲವರಿಗಿದೆ. ಒಮ್ಮೆ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿದ ಪರವೂರಿನವರೊಬ್ಬರು ಇವರನ್ನೇ ಆರಿಸಿಕೊಂಡು, "ವೇರ್ ಈಸ್ ದಿ ಬಸ್ ಸ್ಟ್ಯಾಂಡ್?" ಎಂದು ಕೇಳಿಬಿಟ್ಟರು. ಮೇಷ್ಟ್ರು ಟೀ ಲೋಟ ಕೆಳಗಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಬೋಂಡಾ ಹಾಕುತ್ತಿದ್ದ ಹುಡುಗ ಕೈ ತೋರಿಸಿ ದಾರಿ ಹೇಳಿದ. ಕಾರು ಹೋದಮೇಲೆ ಮೇಷ್ಟ್ರು ಸುತ್ತಲಿದ್ದ ಶಿಷ್ಯರ ಕಡೆ ತಿರುಗಿ, "ಹಿ ಆಸ್ಕ್ಡ್ ಮಿ ವೇರ್ ದಿ ಬಸ್ ಸ್ಟ್ಯಾಂಡ್ ವಾಸ್. ನೋಡ್ಕಳಿ, ಇದು ರಿಪೋರ್ಟೆಡ್ ಸ್ಪೀಚು, 5 ಮಾರ್ಕಿಗೆ ಕೇಳ್ತಾರೆ" ಎಂದರು. ವ್ಯಾಕರಣ ಅಚ್ಚುಕಟ್ಟಾಗಿತ್ತು. ಬಸ್‌ಸ್ಟ್ಯಾಂಡು ಅವರ ಬೆನ್ನ ಹಿಂದೆಯೇ ಇತ್ತು.

ಇಷ್ಟೆಲ್ಲ ನಕ್ಕರೂ ಮೇಷ್ಟ್ರನ್ನು ಬೈಯಲು ನಾಲಿಗೆ ಏಳುವುದಿಲ್ಲ. ಹತ್ತನೆಯವರೆಗೆ ಹಳ್ಳಿಯಲ್ಲಿ ಕನ್ನಡದಲ್ಲೇ ಓದಿ ಬಂದ ಹುಡುಗಿ ಬೇರೆಲ್ಲ ವಿಷಯಗಳಲ್ಲಿ ಅರವತ್ತು ಎಪ್ಪತ್ತು ತೆಗೆದು ಇಂಗ್ಲಿಷಿನಲ್ಲಿ ಕೂತರೆ, ಮನೆಯಲ್ಲಿ ಮರುದಿನವೇ ಗಂಡು ಹುಡುಕುವ ಮಾತು ಏಳುತ್ತದೆ. ಆಗ ಅವಳಿಗೆ ಬೇಕಾದದ್ದು ಷೇಕ್ಸ್‌ಪಿಯರ್ ಅಲ್ಲ, ಪಾಸ್ ಮಾರ್ಕು. ಅವಳ ತಾಯಿ ಸಂತೆ ಮುಗಿಸಿ ಅದೇ ಮೆಟ್ಟಿಲು ಹತ್ತಿ ಬಂದು, ಸೆರಗಿನ ಗಂಟು ಬಿಚ್ಚಿ, "ಹೆಂಗಾರ ಮಾಡಿ ದಾಟ್ಸಿಬುಡಿ ಮೇಷ್ಟ್ರೇ" ಎಂದರೆ ಮೇಷ್ಟ್ರು ಆ ನೋಟುಗಳಲ್ಲಿ ಅರ್ಧ ಹಿಂದಿರುಗಿಸಿ, "ಇದು ಬಸ್ ಚಾರ್ಜಿಗೆ ಇರ್ಲಿ ಕಣವ್ವ" ಎನ್ನುತ್ತಾರೆ. ಅಂಥ ಹುಡುಗಿಯರಲ್ಲಿ ಒಬ್ಬಳು ಈಗ ಅದೇ ಊರಿನ ಆಸ್ಪತ್ರೆಯಲ್ಲಿ ನರ್ಸು. ಓದಿ ಅರ್ಥಮಾಡಿಕೊಂಡಿದ್ದಾರೋ ಇಲ್ಲವೋ ಎಂದು ನೋಡಲು ಇಟ್ಟ ಪರೀಕ್ಷೆಯನ್ನು ಓದದೆ, ಅರ್ಥವಾಗದೆ ದಾಟಬಹುದಾದರೆ ಅದು ಮೇಷ್ಟ್ರೊಬ್ಬರ ತಪ್ಪಲ್ಲ. ದಾರಿ ಹಾಗೆ ಹಾಕಿದವರು ಬೇರೆ ಇದ್ದಾರೆ. ಇವರು ಅಲ್ಲಿ ನಿಂತು ಮಕ್ಕಳ ಕೈಹಿಡಿದು ದಾಟಿಸುತ್ತಿದ್ದಾರೆ, ಅಷ್ಟೆ.

ಸರ್ಕಾರ ಇವರ ಜೊತೆ ಚೆಲ್ಲಾಟ ಆಡುತ್ತಲೇ ಇರುತ್ತದೆ. 2023-24ರಲ್ಲಿ ಪತ್ರಿಕೆಯನ್ನು 80 ಅಂಕಕ್ಕೆ ಇಳಿಸಿ, ಉಳಿದ 20 ಅಂಕವನ್ನು ಕಾಲೇಜಿನವರ ಕೈಗೇ ಕೊಟ್ಟಾಗ ಮೇಷ್ಟ್ರ ಮುಖ ಕಪ್ಪಿಟ್ಟಿತ್ತು. ಹೀಗೆ ಪುಕ್ಕಟೆ ಅಂಕ ಹಂಚಿದರೆ ಟ್ಯೂಷನ್ನಿಗೆ ಬರುವವರಾರು? ಆದರೆ ಅದೇ ವರ್ಷ ಪೂರಕ ಪರೀಕ್ಷೆಯ ಬದಲು ಪರೀಕ್ಷೆ 1, 2, 3 ಎಂದು ಮೂರು ಮಾಡಿದರು. ಮುಖ ಮತ್ತೆ ಅರಳಿತು. ಆ ವರ್ಷ ಒಂದು ಬ್ಯಾಚು ಇಳಿಯುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತುತ್ತಿತ್ತು.

ಮೊನ್ನೆ ಬೆಳಿಗ್ಗೆ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಿಂದ ಫೋನು ಮಾಡಿದ. ಪಿಯುಸಿ ಇಂಗ್ಲಿಷಿನಲ್ಲಿ ತೊಂಬತ್ತರ ಹತ್ತಿರ ತೆಗೆದವನು, ಮೇಷ್ಟ್ರ ಹೆಮ್ಮೆ. ಯಾವುದೋ ಕಂಪನಿಯ ಇಂಟರ್‌ವ್ಯೂ ನಡುವೆ ಕಕ್ಕಸಿಗೆಂದು ಎದ್ದು ಬಂದಿದ್ದ.

"ಸಾರ್, ಅನ್ಯಾಯ ಸಾರ್. ನಿನ್ನ ಬಗ್ಗೆ ಹೇಳು ಅಂತ ಇಂಗ್ಲಿಷಲ್ಲಿ ಕೇಳ್ತಾವ್ರೆ. ಪ್ಯಾಸೇಜೇ ಕೊಟ್ಟಿಲ್ಲ!"

ಮೇಷ್ಟ್ರು ಒಂದು ಕ್ಷಣ ಸುಮ್ಮನಾದರು. ಇಷ್ಟು ವರ್ಷದ ಸಂಪುಟದಲ್ಲಿ ಈ ಪ್ರಶ್ನೆ ಎಲ್ಲೂ ಬಂದಿರಲಿಲ್ಲ. ಆಮೇಲೆ ಮೇಜಿನ ಡ್ರಾಯರಿನಿಂದ ಹಾಳೆಯೊಂದನ್ನು ಎಳೆದುಕೊಂಡರು. "ಹೆದರಬ್ಯಾಡ. ಐದು ನಿಮಿಷ ಅಲ್ಲೇ ಇರು. ನಿನ್ನ ಬಗ್ಗೆ ನಾನು ಬರೆದು ವಾಟ್ಸ್ಯಾಪಲ್ಲಿ ಹಾಕ್ತೀನಿ, ನೋಡ್ಕಂಡು ಹೇಳು."

ಶಿಷ್ಯನಿಗೆ ಕೆಲಸ ಸಿಕ್ಕಿತೋ ಇಲ್ಲವೋ ತಿಳಿಯದು. ಮೇಷ್ಟ್ರಿಗಂತೂ ಸಿಕ್ಕಿತು. ವಾರ ಕಳೆಯುವಷ್ಟರಲ್ಲಿ ಬೋರ್ಡಿನ ಕೆಳಗೆ ಹೊಸ ಬಣ್ಣದಲ್ಲಿ ಇನ್ನೊಂದು ಸಾಲು ಸೇರಿಕೊಂಡಿದೆ: "ಇಂಟರ್‌ವ್ಯೂಗೆ ನಿಮ್ಮ ಬಗ್ಗೆ ಬರೆದು ಕೊಡಲಾಗುವುದು. ನೀವು ಬರುವ ಅಗತ್ಯವಿಲ್ಲ."